ಹೆಸರು ಹೋದ ಫೈಲ್ ಕಸವಲ್ಲ

ಸಂಪಾದಕರಿಗೆ ನಮಸ್ಕಾರ.

ಮಡಿಕೇರಿಯಲ್ಲಿ ಕಾಫಿ ಬೆಳೆಗಾರರ ಒಂದು ಸಣ್ಣ ಸಂಘದ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಸದಸ್ಯರ ಜಾಗದ ಕಾಗದ, ಸಾಲದ ಅರ್ಜಿ, ಕಾಫಿ ತೂಕದ ಚೀಟಿ ಎಲ್ಲದರ ಸ್ಕ್ಯಾನ್ ನಮ್ಮ ಆಫೀಸಿನ ಲಿನಕ್ಸ್ ಸರ್ವರ್‌ನಲ್ಲಿದೆ. ಕಳೆದ ಜುಲೈನಲ್ಲಿ ಗಾಳಿಮಳೆಗೆ ಕರೆಂಟ್ ಹೋಯಿತು. ಯುಪಿಎಸ್ ಕೂಡ ಕೈಕೊಟ್ಟಿತು. ಮತ್ತೆ ಆನ್ ಮಾಡಿದರೆ ಡಿಸ್ಕ್ ಚೆಕ್ ಮಾಡಿ ಅಂತ ಬಂದು ನಿಂತಿತು.

ರಿಪೇರಿಗೆ ಬಂದವರು ಎಫ್‌ಎಸ್‌ಸಿಕೆ (fsck) ಅನ್ನುವ, ಡಿಸ್ಕ್ ಪರೀಕ್ಷಿಸಿ ಸರಿಪಡಿಸುವ ಪ್ರೋಗ್ರಾಂ ಓಡಿಸಿದರು. ಸರ್ವರ್ ಎದ್ದಿತು. ಆದರೆ ಸ್ಕ್ಯಾನ್ ಫೋಲ್ಡರ್ ಅರ್ಧ ಖಾಲಿ! ಲಾಸ್ಟ್ ಪ್ಲಸ್ ಫೌಂಡ್ (lost+found) ಅನ್ನುವ ಫೋಲ್ಡರ್‌ನಲ್ಲಿ ಮಾತ್ರ ಹೆಸರಿನ ಬದಲು ಹ್ಯಾಷ್ (#) ಚಿಹ್ನೆ, ಅದರ ನಂತರ ಬರೀ ನಂಬರ್ ಇದ್ದ 412 ಫೈಲ್‌ಗಳು. "ಇದೆಲ್ಲ ಕಸ ಮೇಡಂ, ತೆಗೆದುಬಿಡಲಾ?" ಅಂದರು. ಬೇಡ ಅಂದೆ.

ಫೈಲಿನ ಹೆಸರು ಇರುವುದು ಫೋಲ್ಡರ್‌ನ ಪಟ್ಟಿಯಲ್ಲಿ. ಅದರ ತಾರೀಖು, ಅಳತೆ, ಡಿಸ್ಕ್‌ನಲ್ಲಿ ಎಲ್ಲಿದೆ ಅನ್ನುವುದು ಪ್ರತಿ ಫೈಲಿಗೂ ಒಂದು ನಂಬರ್ ಇರುವ ದಾಖಲೆಯಾದ ಐನೋಡ್‌ನಲ್ಲಿ. ಪಟ್ಟಿ ಹಾಳಾದರೆ ಹೆಸರು ಹೋಗುತ್ತದೆ, ಒಳಗಿನ ಕಾಗದ ಬಹಳ ಸಲ ಹಾಗೇ ಉಳಿದಿರುತ್ತದೆ. ಅಂಥದ್ದಕ್ಕೆ ಐನೋಡ್ ನಂಬರನ್ನೇ ಹೆಸರಾಗಿಟ್ಟು ಎಫ್‌ಎಸ್‌ಸಿಕೆ ಲಾಸ್ಟ್ ಪ್ಲಸ್ ಫೌಂಡ್‌ನಲ್ಲಿ ಸೇರಿಸುತ್ತದೆ. ಆ ಫೋಲ್ಡರ್ ರೂಟ್ ಅಂದರೆ ಸರ್ವರ್‌ನ ಪೂರ್ಣ ಅಧಿಕಾರದ ಲಾಗಿನ್‌ಗೆ ಮಾತ್ರ ತೆರೆಯುವುದರಿಂದ ಎಷ್ಟೋ ಆಫೀಸಿನವರಿಗೆ ಅದು ಇದೆ ಅಂತಲೇ ಗೊತ್ತಿರಲ್ಲ.

ಮೊದಲು ಎಲ್ಲವನ್ನೂ ತಾರೀಖು ಬದಲಾಗದ ಹಾಗೆ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಸಿದೆ. 'ಫೈಲ್' ಅನ್ನುವ ಕಮಾಂಡ್ ಕೊಟ್ಟರೆ ಯಾವುದು ಪಿಡಿಎಫ್, ಯಾವುದು ಫೋಟೊ ಅಂತ ಅದೇ ಹೇಳುತ್ತದೆ. ಹೆಸರು ಹ್ಯಾಷ್‌ನಿಂದ ಶುರುವಾಗುವುದರಿಂದ ಕೋಟ್ ಚಿಹ್ನೆಗಳ (' ') ಒಳಗೆ ಬರೆಯಬೇಕು, ಇಲ್ಲದಿದ್ದರೆ ಕಮಾಂಡ್ ಅದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಕೆಲವು ಕಡೆ ಇಡೀ ಫೋಲ್ಡರೇ ನಂಬರ್ ಹೊತ್ತು ಬಂದಿತ್ತು, ಅದರೊಳಗಿನ ಹೆಸರುಗಳು ಸರಿಯಾಗಿದ್ದವು. ಎಷ್ಟು ಖುಷಿಯಾಯಿತು ಗೊತ್ತಾ! ಉಳಿದವನ್ನು ತಾರೀಖಿನ ಪ್ರಕಾರ ಜೋಡಿಸಿ, ದಿನಾ ಸಂಜೆ ಕೂತು ಒಂದೊಂದೇ ತೆರೆದೆ. ಕೆಲವು ಅರ್ಧಕ್ಕೇ ನಿಂತಿದ್ದವು. ಬೇರೆಯವರ ಆಧಾರ್ ಪ್ರತಿಯೂ ಅದರಲ್ಲಿದ್ದದ್ದರಿಂದ ಯಾವುದನ್ನೂ ಎಲ್ಲರಿಗೂ ಕಾಣುವ ಫೋಲ್ಡರ್‌ಗೆ ಹಾಕಲಿಲ್ಲ.

ಒಂದು ದಿನ ತೆರೆದ ಫೈಲಿನಲ್ಲಿ ಮಕ್ಕಂದೂರು ಕಡೆಯ ಅಜ್ಜ ಒಬ್ಬರ ಜಾಗದ ಕಾಗದ ಇತ್ತು. ಮೂಲೆಯಲ್ಲಿ ನೀರು ಬಿದ್ದ ಕಲೆ, ಕೆಳಗೆ ನಡುಗುವ ಕೈಯ ಸಹಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅವರ ಮನೆಯ ಜೊತೆ ಮೂಲ ಕಾಗದವೂ ಹೋಗಿತ್ತು. ಅದಕ್ಕೂ ಮೊದಲು ಸಾಲದ ಅರ್ಜಿಗೆ ಅಂತ ಕೊಟ್ಟಿದ್ದ ಈ ಪ್ರತಿ ಬಿಟ್ಟರೆ ಅವರ ಹತ್ತಿರ ಬೇರೆ ಇರಲಿಲ್ಲ. ಅವತ್ತು ನಾನು "ಹೂಂ, ತೆಗೀರಿ" ಅಂದಿದ್ದರೆ?

ಬ್ಯಾಕಪ್ ಬೇಕೇಬೇಕು. ನಮ್ಮದು ಎಂಟು ತಿಂಗಳು ಹಳೆಯದಿತ್ತು, ಆ ತಪ್ಪು ನಮ್ಮದೇ. ಆದರೆ ಜಿಲ್ಲೆಯ ಸಂಘ, ಪಂಚಾಯಿತಿ, ಶಾಲೆಗಳವರಲ್ಲಿ ನನ್ನ ಕೋರಿಕೆ ಇಷ್ಟೇ. ಸರ್ವರ್ ರಿಪೇರಿಗೆ ಕೊಡುವಾಗ, ನಮ್ಮವರು ನೋಡುವ ತನಕ ಲಾಸ್ಟ್ ಪ್ಲಸ್ ಫೌಂಡ್ ಮುಟ್ಟಬಾರದು ಅಂತ ಬರೆದುಕೊಡಿ. ಅದನ್ನು ವಿಂಗಡಿಸಲು ಊರಿನ ಜನರನ್ನು ಬಲ್ಲ ಒಬ್ಬರನ್ನು ಕೂರಿಸಿ, ಆ ದಿನಗಳ ಸಂಬಳ ಕೊಡಿ. ಸಹಿ ನೋಡಿ ಇದು ಯಾರದ್ದು ಅಂತ ಹೇಳುವ ಕೆಲಸ ರಿಪೇರಿಯವರಿಂದ ಆಗಲ್ಲ, ಅಲ್ವಾ?

ನಮ್ಮಲ್ಲಿ ಇನ್ನೂ 37 ಕಾಗದಗಳು ಯಾರವು ಅಂತ ತಿಳಿದಿಲ್ಲ. ಶುಕ್ರವಾರ ಸಂತೆಗೆ ಬರುವ ಹಿರಿಯ ಸದಸ್ಯರಿಗೆ ಸಹಿಯ ಭಾಗವನ್ನು ಮಾತ್ರ ಪ್ರಿಂಟ್ ತೆಗೆದು ತೋರಿಸುತ್ತಿದ್ದೇನೆ. ಹೋದ ವಾರ ಇಬ್ಬರದ್ದು ಸಿಕ್ಕಿತು.

— ಓದುಗಿ, ಮಡಿಕೇರಿ