ಪುಟ್ಟಿಗೆ, ನಿನ್ ಸ್ಕೂಲಿನ ದೊಡ್ಡ ದೊಡ್ಡ ಹೆಸರುಗಳ ಬಗ್ಗೆ

ಪುಟ್ಟಿ,

ಮೊನ್ನೆ ಊಟ ಮಾಡ್ತಾ ಅಂದ್ಯಲ್ಲ, "ನಮ್ ಸ್ಕೂಲಲ್ಲಿ ಓದಿದೋರೆಲ್ಲ ಏನೇನೋ ಆಗ್ಬಿಟ್ಟಿದಾರೆ, ನಾನ್ ನೋಡಿದ್ರೆ ಆರ್ಕೆಸ್ಟ್ರಾಲಿ ಸೆಕೆಂಡ್ ವಯಲಿನ್ ಕೊನೇ ಸಾಲಲ್ಲಿ ಕೂತಿದೀನಿ" ಅಂತ. ಅಪ್ಪ ಎದುರಿಗಿದ್ರು ಅಂತ ನಾನು ಬಾಯಿ ಬಿಡ್ಲಿಲ್ಲ, ಬಿಟ್ಟಿದ್ರೆ ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಕೊನೆಗೆ ಕಂಪ್ಯೂಟರ್ ಸೈನ್ಸಿಗೇ ಬಂದು ನಿಲ್ತಿತ್ತು. ಆಮೇಲಾದ್ರೂ ಹೇಳೋಣ ಅಂದ್ರೆ ನೀನು ರಿಹರ್ಸಲ್ ಮುಗಿಸಿ ಬರೋದೇ ಲೇಟು, ಬಂದ ತಕ್ಷಣ ಕಿವಿಗೆ ಹೆಡ್‌ಫೋನ್. ಅದಕ್ಕೇ ಟೈಪ್ ಮಾಡ್ತಿದೀನಿ, ಉದ್ದ ಆಗತ್ತೆ, ಸೆವೆನ್ ನಂಬರ್ ಸಬ್‌ವೇ ಟ್ರೈನಲ್ಲಿ ಕೂತು ಓದ್ಕೋ, ಫ್ಲಶಿಂಗಿಂದ ಟೈಮ್ಸ್ ಸ್ಕ್ವೇರ್ ತನಕ ಬೇಕಾದಷ್ಟು ಟೈಮಿದೆ.

ನಿನ್ ಲಾಗಾರ್ಡಿಯಾ ಸ್ಕೂಲ್, ಈ ನ್ಯೂಯಾರ್ಕಿನ ಕಲೆಯ ಹೈಸ್ಕೂಲಿನ ಹಳೇ ಸ್ಟೂಡೆಂಟ್ಸ್ ಲಿಸ್ಟ್ ಇದ್ಯಲ್ಲ, ಅದನ್ನ ನಾನೂ ಕೂತು ಓದ್ದೆ ಕಣೇ. ಬರೀ ಹೆಸರು ಓದಿದ್ರೆ ಯಾರಿಗಾದ್ರೂ ಹೊಟ್ಟೇಲಿ ನಡುಕ ಬರತ್ತೆ, ಅಲ್ ಪಚಿನೋ, ಜೆನ್ನಿಫರ್ ಆನಿಸ್ಟನ್, ಏಡ್ರಿಯನ್ ಬ್ರೋಡಿ, ಟಿಮೊತಿ ಶಾಲಮೆ, ನಿಕಿ ಮಿನಾಜ್... ಆದ್ರೆ ಒಬ್ಬೊಬ್ರದ್ದೂ ತೆಗೆದು ಓದ್ತಾ ಹೋದ್ರೆ ಬೇರೇನೇ ಕಥೆ. ಸುಮಾರು ಜನ ನಿಮ್ ಸ್ಕೂಲಿಗೆ ಬಂದಿದ್ದು ಒಂದಕ್ಕೆ, ಹೆಸರು ಮಾಡಿದ್ದು ಇನ್ನೊಂದ್ರಲ್ಲಿ. ಕೆಲವ್ರಂತೂ ಸ್ಕೂಲಲ್ಲಿ ಇದ್ದಷ್ಟು ದಿನ ಅಷ್ಟೇನೂ ಚೆನ್ನಾಗೇ ಇರ್ಲಿಲ್ಲ.

ಪಚಿನೋನೇ ತಗೋ. ಆ ಮನುಷ್ಯ ನಿಮ್ ಸ್ಕೂಲ್ ಮುಗಿಸ್ಲೇ ಇಲ್ಲ! 17ನೇ ವಯಸ್ಸಿಗೇ ಬಿಟ್ಟು ಹೊರಗೆ ಬಂದು ಮೆಸೆಂಜರ್ ಕೆಲ್ಸ, ಹೋಟೆಲಲ್ಲಿ ಟೇಬಲ್ ಕ್ಲೀನ್ ಮಾಡೋದು, ಕಟ್ಟಡ ಗುಡಿಸೋದು ಎಲ್ಲಾ ಮಾಡಿದಾರೆ. ನಟರು ಅಭ್ಯಾಸ ಮಾಡೋ ಆಕ್ಟರ್ಸ್ ಸ್ಟುಡಿಯೋಗೂ ಮೊದಲ ಸಲ ತಗೊಳ್ಲಿಲ್ಲ, 1966ರಲ್ಲಿ ತಗೊಂಡ್ರು. 'ಗಾಡ್‌ಫಾದರ್' ಬಂದಿದ್ದು 1972ರಲ್ಲಿ, ಆಸ್ಕರ್ ಸಿಕ್ಕಿದ್ದು 1993ರಲ್ಲಿ, ಅಷ್ಟೊತ್ತಿಗೆ ಐವತ್ತು ದಾಟಿತ್ತು. ಈಗ ಅದೇ ಸ್ಕೂಲಿನ ಲಿಸ್ಟಲ್ಲಿ ಮೊದಲನೇ ಹೆಸರು ಅವ್ರದ್ದು, ಅರ್ಧಕ್ಕೆ ಬಿಟ್ಟೋದವ್ರನ್ನೂ ಸ್ಕೂಲ್‌ಗಳು ಹಿಂಗೇ ತಮ್ಮವ್ರು ಅಂದ್ಕೊಳ್ಳೋದು, ಗೆದ್ಮೇಲೆ! (ನೀನು ಇದನ್ನ ನೆಪ ಮಾಡ್ಕೊಂಡು ಮ್ಯಾಥ್ಸ್ ಕ್ಲಾಸಿಗೆ ಚಕ್ಕರ್ ಹಾಕ್ಬೇಡ, ಸ್ಟೇಟಿನ ರೀಜೆಂಟ್ಸ್ ಎಕ್ಸಾಮ್ ಪಾಸಾಗ್ದೇ ಇದ್ರೆ ನಿನ್ ವಯಲಿನ್ ಕೇಳೋಕೆ ನಾನೂ ಇರಲ್ಲ.) ಜೆನ್ನಿಫರ್ ಆನಿಸ್ಟನ್ನೂ ಅಷ್ಟೆ, 1987ರಲ್ಲಿ ನಿಮ್ ಸ್ಕೂಲಲ್ಲಿ ಡ್ರಾಮಾ ಮುಗಿಸಿ ವೇಟ್ರೆಸ್ಸು, ಟೆಲಿಮಾರ್ಕೆಟಿಂಗು ಅಂತ ಮಾಡ್ಕೊಂಡಿದ್ಲು, ಸಿಕ್ಕಿದ ಟೀವಿ ಸೀರಿಯಲ್‌ಗಳು ಒಂದಾದ್ಮೇಲೆ ಒಂದು ಮುಚ್ಕೊಂಡೋದ್ವು, 'ಫ್ರೆಂಡ್ಸ್' ಶುರುವಾಗಿದ್ದು 1994ರಲ್ಲಿ. ಅವ್ರಪ್ಪಾನೇ ಟೀವಿ ನಟ, ಆದ್ರೂ ಇಷ್ಟು ವರ್ಷ ಹಿಡೀತು ನೋಡು. ಸಿನಿಮಾದೋರ ಮಾತು ಸಾಕು, ಅವ್ರ ಬಗ್ಗೆ ಬರೆಯೋಕೆ ಊರೆಲ್ಲಾ ಜನ ಇದಾರೆ.

ನಂಗೆ ಹಿಡಿಸಿದ್ದು ನಮ್ ಕ್ವೀನ್ಸ್ ಹುಡುಗೀರು. ರ‍್ಯಾಪ್ ಹಾಡೋ ನಿಕಿ ಮಿನಾಜ್ ಟ್ರಿನಿಡಾಡಲ್ಲಿ ಹುಟ್ಟಿ ಇಲ್ಲೇ ಕ್ವೀನ್ಸಲ್ಲಿ ಬೆಳೆದವ್ಳು. ಹಾಡೋಕೆ ಅಂತ ಆಡಿಷನ್‌ಗೆ ಹೋದ್ರೆ ಅವತ್ತೇ ಗಂಟಲು ಕಟ್ಕೊಂಡ್ಬಿಡ್ತಂತೆ, ಸಂಗೀತಕ್ಕೆ ಸೀಟ್ ಸಿಗ್ಲಿಲ್ಲ, ಡ್ರಾಮಾಗೆ ಸಿಕ್ತು. ಅವಳ ಹಾಡುಗಳು ನಂಗೆ ಒಂದು ನಿಮಿಷಾನೂ ಕೇಳಕ್ಕಾಗಲ್ಲ ಅದು ಬೇರೆ ವಿಷ್ಯ, ಆದ್ರೆ ಒಂದೇ ಹಾಡಲ್ಲಿ ನಾಕು ಥರ ಧ್ವನಿ ಬದಲಾಯಿಸಿ ನಾಕು ಜನರ ಥರ ಮಾತಾಡ್ತಾಳಲ್ಲ, ಅದು ಡ್ರಾಮಾ ಕ್ಲಾಸಿಂದ ಬಂದಿರ್ಬೇಕು ಅನ್ಸತ್ತೆ. ಇನ್ನೊಬ್ಳು ಆಕ್ವಾಫಿನಾ, ನಾಕನೇ ವಯಸ್ಸಿಗೆ ಅಮ್ಮನ್ನ ಕಳ್ಕೊಂಡು ಅಜ್ಜಿ ಹತ್ರ ಬೆಳೆದ ಹುಡ್ಗಿ, ನಿಮ್ ಸ್ಕೂಲಲ್ಲಿ ನುಡಿಸ್ತಿದ್ದಿದ್ದು ಟ್ರಂಪೆಟ್. ಆಮೇಲೆ ಆಲ್ಬನಿಗೆ ಹೋಗಿ ಜರ್ನಲಿಸಂ ಓದಿದ್ಲು, ಯೂಟ್ಯೂಬಲ್ಲಿ ರ‍್ಯಾಪ್ ಹಾಕಿ ಹೆಸರು ಬಂತು, ಅಲ್ಲಿಂದ ಸಿನಿಮಾ, 2020ರ ಜನವರೀಲಿ ಗೋಲ್ಡನ್ ಗ್ಲೋಬ್ ಬೆಸ್ಟ್ ಆಕ್ಟ್ರೆಸ್, ಮ್ಯೂಸಿಕಲ್-ಕಾಮಿಡಿ ವಿಭಾಗದಲ್ಲಿ. ಅದು ಅಜ್ಜಿ ಮೊಮ್ಮಗಳ ಸಿನಿಮಾ, ನಾವಿಬ್ರೂ ಸೋಫಾ ಮೇಲೆ ಕೂತು ಅತ್ಕೊಂಡು ನೋಡಿದ್ವಲ್ಲ, ಅದೇ. ಟ್ರಂಪೆಟ್ ಎಲ್ಲಿ ಹೋಯ್ತು ಅಂತ ಯಾರೂ ಕೇಳ್ಲಿಲ್ಲ.

ಸುಜಾನ್ ವೇಗಾ ಅಂತ ಒಬ್ರಿದಾರೆ, ನಿಂಗೆ ಗೊತ್ತಿರಲ್ಲ, ನಿಮ್ ಟೀಚರ್‌ಗಳನ್ನ ಕೇಳು. ಅವ್ರು ಬಂದಿದ್ದು ಡ್ಯಾನ್ಸಿಗೆ. ಆಗಿದ್ದು ಗಿಟಾರ್ ಹಿಡ್ಕೊಂಡು ತಾನೇ ಬರೆದು ಹಾಡೋ ಗಾಯಕಿ. ಬ್ರಾಡ್‌ವೇಲಿ 112ನೇ ಸ್ಟ್ರೀಟಿನ ಒಂದು ಸಣ್ಣ ಹೋಟೆಲ್ ಬಗ್ಗೆ ವಾದ್ಯ ಏನೂ ಇಲ್ದೇ ಬರೀ ಧ್ವನೀಲಿ ಒಂದು ಹಾಡು ಹಾಡಿದಾರೆ, ಜರ್ಮನೀಲಿ ಎಂಪಿ3 ಕಂಡುಹಿಡೀತಿದ್ದ ಎಂಜಿನಿಯರ್‌ಗಳು ಸೌಂಡ್ ಸರಿಯಾಗಿ ಬರ್ತಿದ್ಯಾ ಅಂತ ಟೆಸ್ಟ್ ಮಾಡೋಕೆ ಅದೇ ಹಾಡನ್ನ ಮತ್ತೆ ಮತ್ತೆ ಹಾಕಿ ಕೇಳಿದ್ರಂತೆ, ವಾದ್ಯ ಇಲ್ದೇ ಇರೋದ್ರಿಂದ ಧ್ವನೀಲಿ ಒಂಚೂರು ಹೆಚ್ಚುಕಮ್ಮಿ ಆದ್ರೂ ಗೊತ್ತಾಗ್ಬಿಡತ್ತೆ ಅಂತ. ಇದನ್ನ ಅಪ್ಪಂಗೆ ಹೇಳು, ಎಂಜಿನಿಯರಿಂಗ್ ಅಂದ ತಕ್ಷಣ ಕಿವಿ ನೆಟ್ಟಗಾಗತ್ತೆ.

ಈಗ ನಿಂಗೋಸ್ಕರ ಅಂತಾನೇ ಹುಡುಕಿದ್ದು ಹೇಳ್ತೀನಿ. ಬೇಲಾ ಫ್ಲೆಕ್. ಹೆಸರಿಟ್ಟಿದ್ದೇ ಹಂಗೇರಿಯ ಕಂಪೋಸರ್ ಬೇಲಾ ಬಾರ್ಟೋಕ್ ಹೆಸರನ್ನ. ಹೈಸ್ಕೂಲ್ ಸೇರೋ ಹೊತ್ತಿಗೆ ಸರಿಯಾಗಿ ಅವ್ರ ತಾತ ಗಿಟಾರ್ ಥರ ಮೀಟೋ ಒಂದು ಬ್ಯಾಂಜೋ ತಂದ್ಕೊಟ್ರು, ಹುಡುಗ ಅದ್ರಲ್ಲಿ ಮುಳುಗೋಗಿದ್ದ. ಆದ್ರೆ ಸ್ಕೂಲಲ್ಲಿ ಬ್ಯಾಂಜೋನ ಯಾರು ಕೇಳ್ತಾರೆ? ಊದೋ ವಾದ್ಯ, ಫ್ರೆಂಚ್ ಹಾರ್ನ್ ಕೊಟ್ರು. ಅದು ಬರ್ಲೇ ಇಲ್ಲ, ಕೊನೆಗೆ ಹೋಗಿ ಕೋರಸ್ಸಲ್ಲಿ ನಿಂತ್ಕೋ ಅಂತ ಆ ಕಡೆ ಕಳಿಸ್ಬಿಟ್ರು. ನೀನು ಕೊನೇ ಸಾಲು ಅಂತ ಮುಖ ಸಣ್ಣ ಮಾಡ್ಕೊಂಡಿದ್ಯಲ್ಲ, ಈ ಹುಡುಗಂಗೆ ಆರ್ಕೆಸ್ಟ್ರಾಲಿ ಜಾಗಾನೇ ಇರ್ಲಿಲ್ಲ! ಹೊರಗಡೆ ಬೇರೆ ಮೇಷ್ಟ್ರುಗಳ ಹತ್ರ ಬ್ಯಾಂಜೋ ಕಲಿತ. ಅದಾದ್ಮೇಲೆ ಗ್ರ್ಯಾಮಿ ಮೇಲೆ ಗ್ರ್ಯಾಮಿ, ಬ್ಲೂಗ್ರಾಸ್, ಜ್ಯಾಝ್, ಕ್ಲಾಸಿಕಲ್ ಎಲ್ಲಾ ಕಡೇನೂ. ನಮ್ಮ ವಿಶ್ವಮೋಹನ್ ಭಟ್ ಜೊತೆ ನುಡಿಸಿದಾರೆ, ಝಾಕಿರ್ ಹುಸೇನ್ ಜೊತೆ ವರ್ಷಗಟ್ಟಲೆ ನುಡಿಸಿದಾರೆ. 2024ರ ಗ್ರ್ಯಾಮೀಲಿ ಝಾಕಿರ್, ಡಬಲ್ ಬೇಸ್ ಎಡ್ಗರ್ ಮೆಯರ್, ಕೊಳಲು ರಾಕೇಶ್ ಚೌರಾಸಿಯಾ ಜೊತೆ ಇವ್ರು ಸ್ಟೇಜ್ ಹತ್ತಿ ಪ್ರೈಜ್ ತಗೊಂಡಿದ್ದು, ಅದೇ ವರ್ಷ ಡಿಸೆಂಬರಲ್ಲಿ ಝಾಕಿರ್ ಹೋಗ್ಬಿಟ್ರು, ಅವತ್ತು ಅಪ್ಪ ಇಡೀ ದಿನ ಯಾರತ್ರಾನೂ ಮಾತಾಡದೆ ತಬಲಾ ಹಾಕ್ಕೊಂಡು ಕೂತಿದ್ದು ನಿಂಗೂ ಗೊತ್ತು. ಆ ಬ್ಯಾಂಜೋ ನುಡಿಸ್ತಿದ್ದೋರು ನಿನ್ ಸ್ಕೂಲಲ್ಲಿ ಹಾರ್ನ್ ಬರ್ಲಿಲ್ಲ ಅಂತ ಕೋರಸ್ಸಿಗೆ ಹೋದ ಹುಡುಗ ಅಂತ ಅಪ್ಪಂಗೆ ಇನ್ನೂ ಹೇಳಿಲ್ಲ, ಭಾನುವಾರಕ್ಕೆ ಇಟ್ಕೊಂಡಿದೀನಿ.

ಇದೆಲ್ಲ ಯಾಕೆ ಬರೀತಿದೀನಿ ಅಂದ್ರೆ, ರಾತ್ರಿ ನೀನು ಲ್ಯಾಪ್‌ಟಾಪಲ್ಲಿ ಏನೋ ಮಾಡ್ತೀಯಲ್ಲ, ಸಬ್‌ವೇ ಸೌಂಡು, ಕುಕ್ಕರ್ ವಿಸಿಲ್ಲು, ತಾತನ ವಾಟ್ಸಾಪ್ ವಾಯ್ಸ್ ಮೆಸೇಜು ಎಲ್ಲಾ ಸೇರಿಸಿ ಅದ್ರ ಮೇಲೆ ವಯಲಿನ್ ಹಾಕಿ, ಅದು ನಂಗೆ ಗೊತ್ತು. ಗೋಡೆ ತೆಳ್ಳಗಿದೆ ಕಣೇ. ಪ್ರಾಕ್ಟೀಸ್ ಮಾಡೋ ಟೈಮಲ್ಲಿ ಇದನ್ನ ಮಾಡ್ತಿದೀನಿ ಅಂತ ನಿಂಗೆ ಕಳ್ಳತನ ಮಾಡ್ದಂಗೆ ಅನ್ಸತ್ತೆ ಅಂತಾನೂ ಗೊತ್ತು, ನಾನು ಬಾಗಿಲು ತೆಗೆದ್ರೆ ಟಕ್ ಅಂತ ಸ್ಕ್ರೀನ್ ಮುಚ್ತೀಯ. ಮುಚ್ಬೇಡ. ವಯಲಿನ್ ಬಿಡು ಅಂತ ಹೇಳ್ತಿಲ್ಲ ಮತ್ತೆ, ಚಕ್ಲಮಕ್ಲ ಹಾಕ್ಕೊಂಡು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ತಿಕ್ಕಿದ ಮಗು, ಆಡಿಷನ್‌ಗೋಸ್ಕರ ನಿಂತ್ಕೊಂಡು ನುಡಿಸೋದು, ಸ್ಟಾಫ್ ನೋಟೇಷನ್ ಓದೋದು ಎಲ್ಲಾ ಹೊಸದಾಗಿ ಕಲ್ತೆ, ಆ ಕಷ್ಟ ಏನು ಅಂತ ನೋಡಿದೀನಿ. ಆದ್ರೆ ನಾಳೆ ನೀನು ಆಗೋದು ವಯಲಿನಿಸ್ಟೇ ಅಂತ ಈಗ್ಲೇ ಹಟ ಹಿಡೀಬೇಡ.

ನಮ್ ಕಾಲದಲ್ಲಿ ಮೈಸೂರಲ್ಲಿ ಏನಾಗ್ತಿತ್ತು ಗೊತ್ತಾ? ಸಂಗೀತ ಜೂನಿಯರ್ ಎಕ್ಸಾಮ್ ಪಾಸು, ಎಲ್ರಿಗೂ ಖುಷಿ, ಅಷ್ಟೊತ್ತಿಗೆ ಎಸ್ಸೆಸ್ಸೆಲ್ಸಿ ಬಂತು, ಪಾಠ ಬಂದ್. "ಒಂದು ವರ್ಷ ಅಷ್ಟೆ" ಅಂತಿದ್ರು, ಆಮೇಲೆ ಪಿಯುಸಿ, ಆಮೇಲೆ ಸಿಇಟಿ, ಶ್ರುತಿಪೆಟ್ಟಿಗೆ ಅಟ್ಟ ಸೇರ್ತಿತ್ತು. ನಮ್ ಬೀದೀಲೇ ನಂಗಿಂತ ಎಷ್ಟೋ ಚೆನ್ನಾಗಿ ಹಾಡ್ತಿದ್ದ ಹುಡುಗೀರು ಇದ್ರು. ಅದಕ್ಕೇ ನಿನ್ ಸ್ಕೂಲ್ ಕಂಡ್ರೆ ನಂಗೆ ಈಗ್ಲೂ ಆಶ್ಚರ್ಯ, ಗವರ್ನಮೆಂಟ್ ಸ್ಕೂಲು, ಒಂದ್ ಪೈಸೆ ಫೀಸಿಲ್ಲ, ದಿನಾ ಮ್ಯಾಥ್ಸ್ ಸೈನ್ಸ್ ಜೊತೇಲೇ ಗಂಟೆಗಟ್ಟಲೆ ಸಂಗೀತ. ಮ್ಯೂಸಿಕ್ ಅಂಡ್ ಆರ್ಟ್ ಸ್ಕೂಲ್ ಅಂತ ಶುರು ಮಾಡಿದ್ದು 1936ರಲ್ಲಿ, ಜನ ಕೆಲ್ಸ ಇಲ್ದೇ ಕೂತಿದ್ದ ಡಿಪ್ರೆಷನ್ ಕಾಲದಲ್ಲಿ, ಆಗಿನ ನ್ಯೂಯಾರ್ಕ್ ಮೇಯರ್ ಲಾಗಾರ್ಡಿಯಾ. ಅವ್ರಪ್ಪ ಮಿಲಿಟರಿ ಬ್ಯಾಂಡ್ ಮಾಸ್ಟರ್ ಆಗಿದ್ರು. ಕಲೆ ಬೇಕು ಅನ್ನೋ ಮಕ್ಕಳಿಗೆ ಸ್ಕೂಲ್ ಬಿಟ್ಟು ಬರೋ ಪರಿಸ್ಥಿತಿ ಇರಬಾರ್ದು ಅನ್ನೋದು ಲೆಕ್ಕ. ಡ್ಯಾನ್ಸು ಡ್ರಾಮಾದ ಪರ್ಫಾರ್ಮಿಂಗ್ ಆರ್ಟ್ಸ್ ಸ್ಕೂಲ್ ಆಮೇಲೆ 46ನೇ ಸ್ಟ್ರೀಟಲ್ಲಿ ಬೇರೆ ಶುರುವಾಗಿ, ಎರಡೂ ಸೇರಿ ಲಿಂಕನ್ ಸೆಂಟರ್ ಪಕ್ಕದ ಈ ಬಿಲ್ಡಿಂಗಿಗೆ ಬಂದಿದ್ದು 1984ರಲ್ಲಿ. ನಮ್ಮನೆ ಹತ್ರದ ಏರ್‌ಪೋರ್ಟಿಗೂ ಅವ್ರದ್ದೇ ಹೆಸರು, ಅಜ್ಜಿ ಇನ್ನೂ ನೀನು ಏರ್‌ಪೋರ್ಟಲ್ಲಿ ಓದ್ತಿದೀಯ ಅಂದ್ಕೊಂಡಿದಾರೆ.

ನಾನು ಈ ಲಿಸ್ಟನ್ನ ಮಾಡೋದಾಗಿದ್ರೆ ಮೊದಲು ಹಾಕ್ತಿದ್ದ ಹೆಸರು ಆರ್ಥರ್ ಮಿಚೆಲ್. ಇಲ್ಲೇ ನ್ಯೂಯಾರ್ಕಿನ ಹಾರ್ಲೆಮ್ ಹುಡುಗ, ಕಪ್ಪು ಜನಾಂಗದವ್ರು. ಸ್ಕೂಲ್ ಪಾರ್ಟೀಲಿ ಕುಣೀತಿದ್ದಿದ್ದನ್ನ ಸ್ಕೂಲಲ್ಲಿ ಮಕ್ಕಳಿಗೆ ಸಲಹೆ ಕೊಡೋ ಕೌನ್ಸೆಲರ್ ಒಬ್ರು ನೋಡಿ ಹೋಗಿ ಆಡಿಷನ್ ಕೊಡು ಅಂದ್ರಂತೆ, ಬ್ಯಾಲೆ ಗೀಲೆ ಏನೂ ಕಲಿತವ್ರಲ್ಲ. 1952ರಲ್ಲಿ ಪರ್ಫಾರ್ಮಿಂಗ್ ಆರ್ಟ್ಸ್ ಸ್ಕೂಲ್ ಮುಗಿಸಿ, 1955ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಅನ್ನೋ ಡಾನ್ಸ್ ಕಂಪನಿ ಸೇರಿದ್ರು, ಅಲ್ಲಿ ಪ್ರಿನ್ಸಿಪಲ್ ಡಾನ್ಸರ್ ಆದ ಮೊದಲ ಕಪ್ಪು ಕಲಾವಿದ. 1957ರಲ್ಲಿ ಅಲ್ಲಿ ನೃತ್ಯ ಸಂಯೋಜಿಸ್ತಿದ್ದ ಬ್ಯಾಲಂಚೀನ್ ಒಂದು ಹೊಸ ಬ್ಯಾಲೆನಲ್ಲಿ ಇವ್ರನ್ನ ಬಿಳಿ ಹುಡುಗಿ ಜೊತೆ ಜೋಡಿಯಾಗಿ ಕುಣಿಸಿದ್ರು, ಆ ಕಾಲದ ಅಮೆರಿಕಾದಲ್ಲಿ ಅದೇನು ಸಣ್ಣ ವಿಷ್ಯಾನಾ? ಇಷ್ಟಕ್ಕೇ ನಿಂತಿದ್ರೆ ಇವ್ರೂ ಒಂದು ಅವಾರ್ಡ್ ಕಥೆ ಆಗ್ತಿದ್ರು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆ ಆದ್ಮೇಲೆ ಇವ್ರು ಹಾರ್ಲೆಮ್‌ಗೆ ವಾಪಸ್ ಬಂದು ಒಂದು ಚರ್ಚ್ ಬೇಸ್‌ಮೆಂಟಲ್ಲಿ 30 ಮಕ್ಕಳಿಗೆ ಬ್ಯಾಲೆ ಹೇಳ್ಕೊಡೋಕೆ ಶುರು ಮಾಡಿದ್ರು, ಎರಡೇ ತಿಂಗಳಲ್ಲಿ 400 ಮಕ್ಕಳು. ಅದೇ 1969ರ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್, ಈಗ್ಲೂ ನಡೀತಿದೆ. ತಾನು ಮೇಲೆ ಹೋಗಿ ಏಣಿ ಎಳ್ಕೊಳ್ಳೋರೇ ಜಾಸ್ತಿ ಇರೋ ಕಡೆ ಇದು ನಂಗೆ ಎರಡು ಆಸ್ಕರ್‌ಗಿಂತ ದೊಡ್ಡದು ಅನ್ಸತ್ತೆ, ಎರಡು ಆಸ್ಕರ್ ಗೆದ್ದ ಏಡ್ರಿಯನ್ ಬ್ರೋಡಿ ಬೇಜಾರ್ ಮಾಡ್ಕೊಂಡ್ರೂ ಪರ್ವಾಗಿಲ್ಲ.

ಹಾಂ, ಇನ್ನೊಂದು ಮರೆತೆ. ಊರಿಗೆ ಹೋಗುವಾಗ ಎಲ್ರಿಗೂ ಡಜನ್‌ಗಟ್ಟಲೆ ತಗೊಂಡ್ಹೋಗ್ತೀವಲ್ಲ, ಕೆಂಪು ಹಾರ್ಟಿನ ನ್ಯೂಯಾರ್ಕ್ ಟೀ ಶರ್ಟು, ಆ ಚಿತ್ರ ಮಾಡಿದ ಮಿಲ್ಟನ್ ಗ್ಲೇಸರ್ ಕೂಡ ನಿಮ್ ಮ್ಯೂಸಿಕ್ ಅಂಡ್ ಆರ್ಟ್ ಸ್ಕೂಲಿನವ್ರೇ. ಟ್ಯಾಕ್ಸೀಲಿ ಕೂತು ಒಂದು ಕವರ್ ಮೇಲೆ ಕೆಂಪು ಕ್ರೇಯಾನಲ್ಲಿ ಗೀಚಿದ್ದಂತೆ, ದುಡ್ಡೂ ತಗೊಳ್ಲಿಲ್ಲ. ಅಪ್ಪಂಗೆ ಈ ದುಡ್ಡು ತಗೊಳ್ದೇ ಇದ್ದ ವಿಷ್ಯ ಮಾತ್ರ ಹೇಳ್ಬೇಡ.

ಅಪ್ಪನ ಭಯಾನೂ ಸುಳ್ಳಲ್ಲ ಪುಟ್ಟಿ. ನಿನ್ ಸ್ಕೂಲಲ್ಲಿ ಎರಡೂವರೆ ಸಾವಿರ ಮಕ್ಕಳಿದಾರೆ, ಲಿಸ್ಟಲ್ಲಿ ಬರೋದು ಬೆರಳೆಣಿಕೆ. ಉಳಿದೋರು ಡಾಕ್ಟರು, ಲಾಯರು, ಸ್ಕೂಲ್ ಟೀಚರು, ಬ್ರಾಡ್‌ವೇ ಶೋಗಳಲ್ಲಿ ಸ್ಟೇಜ್ ಕೆಳಗೆ ಪಿಟ್‌ನಲ್ಲಿ ಕೂತು ನುಡಿಸೋರು, ಲೈಟ್ ಹಾಕೋರು, ಮದುವೇಲಿ ಹಾಡೋರು, ಅವ್ರನ್ನ ಯಾರೂ ಎಣಿಸಲ್ಲ. ಬಾಡಿಗೆ ಕಟ್ಕೊಂಡು, ವಾರಕ್ಕೆ ನಾಕು ಕಡೆ ಪಾಠ ಹೇಳ್ಕೊಂಡು ಸಂಗೀತದಲ್ಲೇ ಬದುಕೋರ ಜೀವನ ಹೆಂಗಿರತ್ತೆ ಅಂತ ನೀನು ನಿಮ್ ವಯಲಿನ್ ಮೇಷ್ಟ್ರನ್ನೇ ಕೂತು ಕೇಳು, ಹೆಲ್ತ್ ಇನ್ಶೂರೆನ್ಸ್ ಸೇರಿಸಿ ಕೇಳು. ಅವ್ರು ನಿಜ ಹೇಳ್ತಾರೆ.

ನಾನು ಅಂದ್ಕೊಂಡಿರೋದು ಇದು. ಬರೋ ಫಾಲ್‌ಗೆ ಕಾಲೇಜಿಗೆ ಎರಡೂ ಥರ ಅಪ್ಲೈ ಮಾಡು, ವಯಲಿನ್‌ಗೆ ಒಂದೆರಡು ಕಡೆ, ಸೌಂಡ್, ಕಂಪೋಸಿಷನ್ ಇರೋ ಕಡೆ ಒಂದೆರಡು, ಜೊತೆಗೆ ನಮ್ ಸಿಟಿ ಯೂನಿವರ್ಸಿಟಿ ಕಾಲೇಜುಗಳು, ಫೀಸು ಕಮ್ಮಿ, ಮನೆಯಿಂದಾನೇ ಓಡಾಡ್ಬೋದು, ಸಾಲ ಇರಲ್ಲ. ಸಾಲ ಇಲ್ದೇ ಇದ್ರೆ ಇಪ್ಪತ್ತೆರಡನೇ ವಯಸ್ಸಲ್ಲಿ ಮನಸ್ಸು ಬದಲಾಯಿಸೋಕೆ ಧೈರ್ಯ ಬರತ್ತೆ, ಈ ಮಾತನ್ನ ಮಾತ್ರ ಅಪ್ಪನ ಕಡೆಯಿಂದ ಒಪ್ಕೋತೀನಿ. ಕಂಪ್ಯೂಟರ್ ಸೈನ್ಸ್ ಇಷ್ಟ ಇದ್ರೆ ಹಾಕು, ಇಲ್ದಿದ್ರೆ ಅಪ್ಪಂಗೋಸ್ಕರ ಅಂತ ಹಾಕ್ಬೇಡ, ನಾನು ಮಾತಾಡ್ತೀನಿ.

ಆಡಿಷನ್‌ಗೆ ಮುಂಚೆ ಕಾಲೇಜಿಗೆ ಕಳಿಸೋ ಪ್ರಿ-ಸ್ಕ್ರೀನ್ ವಿಡಿಯೋ ರೆಕಾರ್ಡಿಂಗನ್ನ ಸಮ್ಮರ್‌ನಲ್ಲೇ ಮುಗಿಸ್ಕೋ, ಕೊನೇ ವಾರಕ್ಕೆ ಇಟ್ಕೊಂಡು ಮನೆಯೋರನ್ನೆಲ್ಲ ಉಸಿರು ಬಿಡ್ಬೇಡಿ ಅಂತ ಕೂರಿಸ್ಬೇಡ. ವಯಲಿನ್ ಬೋ ಕೂದ್ಲು ಸವೆದಿದೆ ಅಂದಿದ್ಯಲ್ಲ, ಶನಿವಾರ ಹಾಕಿಸ್ಕೊಂಡು ಬಾ, ದುಡ್ಡು ನಿನ್ ಅಕೌಂಟಿಗೆ ಹಾಕಿದೀನಿ. ಭಾನುವಾರ ಗಣೇಶ ಟೆಂಪಲ್ ಕ್ಯಾಂಟೀನಲ್ಲಿ ಅಪ್ಪಂಗೆ ದೋಸೆ ಕೊಡ್ಸಿ, ಬೇಲಾ ಫ್ಲೆಕ್ ಕಥೆಯಿಂದ ಶುರು ಮಾಡ್ತೀನಿ, ಕುಕ್ಕರ್ ವಿಸಿಲ್ ಇರೋದನ್ನ ಫೋನಲ್ಲಿ ಹಾಕ್ಕೊಂಡು ಬಂದಿರು, ಅಪ್ಪ ಕೇಳ್ಲಿ.

ನಿನ್ನ
ಅಮ್ಮ