ಹಳ್ಳ ಇಳಿಯೋ ಮುಂಚೆ

ಪುಟ್ಟಿ,

ನಿಮ್ಮಮ್ಮ ನಿನ್ನೆ ಫೋನ್ ಮಾಡಿ ಅರ್ಧ ಗಂಟೆ ಗೋಳಾಡಿದ್ಲು, ಶುಕ್ರವಾರ ರಾತ್ರಿ ನಿಮ್ ಆಫೀಸ್‌ನವ್ರು 14 ಜನ ಟಿಟಿ (ಟೆಂಪೋ ಟ್ರಾವೆಲರ್) ಮಾಡ್ಕೊಂಡು ಕೊಡಚಾದ್ರಿ ಗುಡ್ಡದ ಹಿಡ್ಲುಮನೆ ಫಾಲ್ಸ್‌ಗೆ ಹೊರಟಿದ್ದೀರಂತೆ, ಈ ಮಳೇಲಿ ಬೇಡ ಅಂತ ನೀನಾದ್ರೂ ಹೇಳು ಅಂತ. ನಾನು ಹೇಳಲ್ಲ ಕಣೇ, ಹೇಳೋಕೆ ಮುಖನೂ ಇಲ್ಲ, ನಿನ್ ವಯಸ್ಸಲ್ಲಿ ನಾನು ಬೆಂಗಳೂರಲ್ಲಿ ಕಳೆದ ಭಾನುವಾರಗಳೇ ಕಮ್ಮಿ. ಹೋಗ್ಬಾ.

ಜೀನ್ಸ್ ಮಾತ್ರ ಹಾಕ್ಬೇಡ, ನೆಂದ್ರೆ ಕಾಲಿಗೆ ಕಲ್ಲು ಕಟ್ಕೊಂಡಂಗೆ. ಉಂಬಳ (ಕಾಡಿನ ಜಿಗಣೆ) ಹತ್ತುತ್ತೆ, ಕಿರುಚ್ಬೇಡ. ಕಚ್ಚುವಾಗ ರಕ್ತ ಹೆಪ್ಪುಗಟ್ಟದಂಗೆ ಒಂದು ರಸ ಬಿಡುತ್ತೆ, ಅದಕ್ಕೇ ಅದು ಬಿದ್ದುಹೋದ್ಮೇಲೂ ಸಾಕ್ಸೆಲ್ಲ ಕೆಂಪು, ನೋಡೋಕೆ ಕೊಲೆ ಆದಂಗಿರುತ್ತೆ ಅಷ್ಟೆ. ಉಗುರಲ್ಲಿ ಬಾಯಿ ಹತ್ರ ಮೆಲ್ಲಗೆ ಸರಿಸು, ಬಿಡುತ್ತೆ. ಅದು ಮೂಕಾಂಬಿಕಾ ಅಭಯಾರಣ್ಯದ ಜಾಗ, ಮಳೆ ಜಾಸ್ತಿ ಅಂತ ಅರಣ್ಯ ಇಲಾಖೆಯವ್ರು ಬಿಡ್ಲಿಲ್ಲ ಅಂದ್ರೆ ಜಗಳ ಆಡ್ದೆ ಟೀ ಕುಡಿದು ವಾಪಸ್ ಬನ್ನಿ.

ನಾನು ಬರೆಯೋಕೆ ಕೂತಿದ್ದು ಬೇರೆ ವಿಷ್ಯಕ್ಕೆ. ಮೊಬೈಲ್ ಇಲ್ಲದ ಕಾಲದಲ್ಲಿ ಅದೇ ಕೊಡಚಾದ್ರಿ ಬುಡಕ್ಕೆ ನಾವು ಒಂಬತ್ತು ಜನ ಹೋಗಿದ್ವಿ. ಬೆಳಿಗ್ಗೆ ಪ್ಯಾಂಟ್ ಮಡಚದೇ ದಾಟಿದ್ದ ಹಳ್ಳ, ಮಧ್ಯಾಹ್ನ ಮೂರಕ್ಕೆ ವಾಪಸ್ ಬಂದ್ರೆ ಮೊಣಕಾಲು ಮೇಲೆ. ನಾವಿದ್ದ ಕಡೆ ಒಂದ್ ಹನಿ ಬಿದ್ದಿರ್ಲಿಲ್ಲ. ಮಳೆ ಹೊಯ್ತಿದ್ದಿದ್ದು ಮೇಲೆ, 1343 ಮೀಟರ್ ಎತ್ತರದ ಗುಡ್ಡ ಅದು, ಕಡಲ ಕಡೆಯಿಂದ ಬಂದ ಮೋಡ ಅಲ್ಲೇ ಸುರಿಯುತ್ತೆ, ಕೆಳಗೆ ಕಣಿವೇಲಿರೋರಿಗೆ ನೀರು ಕಾಲಿಗೆ ಬಂದ್ಮೇಲೇ ಗೊತ್ತಾಗೋದು. ನೀರು ಟೀ ಬಣ್ಣ ಆಗಿತ್ತು, ತರಗೆಲೆ ಕಡ್ಡಿ ತೇಲ್ಕೊಂಡ್ ಬರ್ತಿತ್ತು, ಒಳಗೆ ಕಲ್ಲು ಉರುಳೋ ಸದ್ದು. ದಾರಿ ತೋರ್ಸೋಕೆ ಬಂದಿದ್ದ ಊರಿನ ಅಜ್ಜ "ಕೂತ್ಕಳಿ ಮಾರಾಯ್ರೆ, ಇಳೀತದೆ" ಅಂತ ಎಲೆಅಡಿಕೆ ಸಂಚಿ ಬಿಚ್ಚಿದ. ನಾವು ಕೇಳ್ಬೇಕಲ್ಲ, ರಾತ್ರಿ ಬಸ್ಸು, ಸೋಮವಾರ ಡ್ಯೂಟಿ. ಎಲ್ರಿಗೂ ಒಳಗೊಳಗೇ ಭಯ ಇತ್ತು, ಹೇಳೋಕೆ ನಾಚಿಕೆ. ಒಬ್ಬ ಮಾತ್ರ ಬಾಯ್ಬಿಟ್ಟ, ನಂಗೆ ಈಜು ಬರಲ್ಲ ಕಣ್ರೋ ಅಂತ. ಅವನನ್ನ ಪುಕ್ಲ ಅಂತ ರೇಗಿಸಿದ್ದು ನಿನ್ ಇದೇ ಮಾವ. ಅವನು ಇಳಿದ. ನಾಲ್ಕನೇ ಹೆಜ್ಜೆಗೆ ಕಾಲು ಕಿತ್ಕೊಂಡು ಹೋದ, ಒಂದ್ ಹತ್ತಡಿ ಕೆಳಗೆ ಮರದ ಬೇರಿಗೆ ಬ್ಯಾಗ್ ಸಿಕ್ಕಾಕ್ಕೊಂಡು ನಿಂತ, ಅಜ್ಜ ಕತ್ತೀಲಿ ಕೋಲು ಕಡಿದು ಚಾಚಿ ಎಳ್ಕೊಂಡ. ಆಮೇಲೆ ಎಲ್ರೂ ಬಾಯ್ಮುಚ್ಕೊಂಡು ಕೂತ್ವಿ. ಎರಡೂವರೆ ಗಂಟೇಲಿ ನೀರು ಇಳೀತು.

ಅವನು ಈಗ್ಲೂ ಮದುವೆ ಮನೆಗಳಲ್ಲಿ ಸಿಗ್ತಾನೆ, ಎಲ್ಲಾ ಮಾತಾಡ್ತಾನೆ, ಅದೊಂದು ಬಿಟ್ಟು. ನಾನೂ ಎತ್ತಿಲ್ಲ.

ನಿಮ್ 14 ಜನರಲ್ಲೂ ಒಬ್ಬ ನನ್ನಂಥೋನು ಇರ್ತಾನೆ, ನಡೀರಿ ಏನಾಗಲ್ಲ ಅನ್ನೋನು. ಬೇಡ, ಕಾಯೋಣ ಅಂತ ಮೊದ್ಲು ಅನ್ನೋಳು ನೀನಾಗು, ನಕ್ರೆ ನಗ್ಲಿ. ಬೇರೆ ಯಾರಾದ್ರೂ ಅಂದ್ರೆ ಅವ್ರ ಪಕ್ಕ ಹೋಗಿ ನಿಂತ್ಕೋ, ಒಬ್ರೇ ಹೇಳೋದು ತುಂಬ ಕಷ್ಟ. ಹಳ್ಳ ಇಳಿಯುವಾಗ ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿರ್ಬೇಕು, ಬಿದ್ರೆ ಬ್ಯಾಗ್ ಬಿಟ್ಟಾಕೋಕೆ ಆಗ್ಬೇಕು (ನನ್ ಫ್ರೆಂಡ್‌ನ ಬ್ಯಾಗೇ ಉಳಿಸ್ತು, ಅದು ಅವನ ಹಣೇಬರಹ ಚೆನ್ನಾಗಿತ್ತು). ರೀಲ್ಸ್‌ಗೆ ಪಾಚಿ ಬಂಡೆ ಹತ್ಬೇಡ. 2023ರ ಜುಲೈನಲ್ಲಿ ಅಲ್ಲೇ ಕೊಲ್ಲೂರು ಹತ್ರ ಅರಸಿನಗುಂಡಿ ಫಾಲ್ಸಲ್ಲಿ ಫ್ರೆಂಡ್ ವಿಡಿಯೋ ತೆಗೀತಿರೋವಾಗ್ಲೇ ಒಬ್ಬ ಹುಡುಗ ಕಾಲು ಜಾರಿ ಹೋದ, ಸಿಕ್ಕಿದ್ದು ಒಂದ್ ವಾರ ಆದ್ಮೇಲೆ.

ಕಾಡೊಳಗೆ ನೆಟ್‌ವರ್ಕ್ ಸಿಗಲ್ಲ ಅಂತ ಅಮ್ಮಂಗೆ ಮೊದ್ಲೇ ಹೇಳಿಡು, ಟಿಟಿ ಡ್ರೈವರ್ ನಂಬರ್ ಫ್ರಿಜ್ ಮೇಲೆ ಅಂಟ್ಸು, ಇಲ್ದಿದ್ರೆ ಶನಿವಾರ ಪೂರ್ತಿ ನನ್ ತಲೆ ತಿಂತಾಳೆ. ಬರುವಾಗ ದಾರೀಲಿ ಅಪ್ಪೆಮಿಡಿ ಉಪ್ಪಿನಕಾಯಿ ಸಿಕ್ರೆ ಎರಡು ಬಾಟ್ಲಿ ತಗೋ, ನಿಮ್ಮತ್ತೆಗೊಂದು, ದುಡ್ಡು ಜಿಪೇ ಮಾಡ್ತೀನಿ.

ನಿನ್ ಮಾವ