ಭಾನುವಾರ ಡ್ರೈಯರ್ ಹಾಕುತ್ತೇವೆ: ತರುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಗ್ಗೆ 9ಕ್ಕೆ ಸೊಪ್ಪು, ತರಕಾರಿ, ಹಣ್ಣು ಒಣಗಿಸುವ ಡ್ರೈಯರ್ ಆನ್. ಮೊದಲು ಪುದೀನ, ತುಳಸಿಯಂಥ ಸೊಪ್ಪು. ಅದಕ್ಕೆ 35-40 ಡಿಗ್ರಿ ಸಾಕು, ಜಾಸ್ತಿಯಾದರೆ ಘಮ ಹೋಗುತ್ತೆ. ಆಮೇಲೆ ತರಕಾರಿ, ಹಣ್ಣು, 52-57 ಡಿಗ್ರಿಯಲ್ಲಿ. ಮುಗಿಯುವಾಗ ರಾತ್ರಿಯಾಗಬಹುದು.

ತೊಳೆದು, 5-6 ಮಿಲಿಮೀಟರ್ ದಪ್ಪಕ್ಕೆ ಒಂದೇ ಸಮ ಹೆಚ್ಚಿಕೊಂಡು ಬನ್ನಿ. ಇಲ್ಲಾಂದ್ರೆ ಒಂದು ಹೋಳು ಗರಿಗರಿ, ಪಕ್ಕದ್ದು ಇನ್ನೂ ಹಸಿ. ಕ್ಯಾರೆಟ್, ಬೀನ್ಸ್ ಆದರೆ ಸುಮಾರು 3 ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ, ತಕ್ಷಣ ತಣ್ಣೀರಿಗೆ ಹಾಕಿ, ನೀರು ಬಸಿದು ತನ್ನಿ.

ಹಣ್ಣು ಆರಿದ ಮೇಲೆ ಗಾಜಿನ ಜಾಡಿಗೆ ಸ್ವಲ್ಪ ಜಾಗ ಬಿಟ್ಟು ತುಂಬಿ, ಒಂದು ವಾರ ದಿನಾ ಅಲ್ಲಾಡಿಸಿ. ಒಳಗೆ ನೀರಿನ ಹನಿ ಕಂಡರೆ ಮತ್ತೆ ಒಣಗಿಸಲೇಬೇಕು. ಸುಮ್ನೆ ಬಿಟ್ಟರೆ ಬೂಷ್ಟು ಬರುತ್ತೆ, ಅಷ್ಟೂ ವೇಸ್ಟ್ ಅಲ್ವಾ?

ಟ್ರೇ ಹಂಚಬೇಕು. ಏನು, ಎಷ್ಟು ತರುತ್ತೀರಿ ಅಂತ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.